ಸ್ವೆಟರ್ ಹಿಡಿದವಳ ಓಟ

ನಾನು ಇಡೀ ಜನ್ಮದಲ್ಲಿ ಒಂದೇ ಒಂದು ಸಲ ಬಿಯರ್ ಕುಡಿದಿದ್ದೇನೆ. ಅದೂ ಬೆಳಗಿನ ಎಂಟು ಗಂಟೆಯೊಳಗೆ, ಸ್ನಾನ ಮುಗಿಸಿ, ಕುಂಕುಮ ಇಟ್ಟುಕೊಂಡು, ದೇವರ ಮುಂದೆ ದೀಪ ಹಚ್ಚಿ ಬಂದ ಮೇಲೆ. ಇದನ್ನು ಹೇಳಿದರೆ ನಮ್ಮ ಬಳಗದಲ್ಲಿ ಯಾರೂ ನಂಬುವುದಿಲ್ಲ. ‘ನೀನಾ? ಗಟ್ಟಿ ದನಿಯಲ್ಲಿ ಕೆಮ್ಮುವುದಕ್ಕೂ ಸಂಕೋಚ ಪಡುವವಳು!’ ಎನ್ನುತ್ತಾರೆ. ನಿಜವೇ. ಬೆಳಗಾವಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ನನಗೆ ಕಲಿಸಿದ್ದು ಮೂರೇ ಸಂಗತಿ: ಮೆಲ್ಲಗೆ ಮಾತಾಡು, ಸುಳ್ಳಾಡಬೇಡ, ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದು. ಮೊದಲನೆಯದರಿಂದ ಸಂಸಾರ ಸುಗಮವಾಗಿ ಸಾಗಿತು, ಎರಡನೆಯದರಿಂದ ಆಗಾಗ ತೊಂದರೆಯಾಯಿತು. ಮೂರನೆಯದರಿಂದ ನಾನು ಬಿಯರ್ ಕುಡಿದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ಪುಣೆಯ ಖಡಕಿಯಲ್ಲಿ ಕೆಲಸ. ದೊಡ್ಡ ದೊಡ್ಡ ಹುಣಸೆಮರಗಳ ನಡುವೆ ಹಳದಿ ಬಣ್ಣದ ಕ್ವಾರ್ಟರ್ಸು, ಅದಕ್ಕೊಂದು ಕ್ಲಬ್ಬು. ಆ ಕ್ಲಬ್ಬಿನಲ್ಲಿ ಪ್ರತಿ ಡಿಸೆಂಬರಿನ ಮೊದಲ ಭಾನುವಾರ ಮೂರು ಕಿಲೋಮೀಟರಿನ ಓಟ. ಕ್ಲಬ್ಬಿನ ಗೇಟಿನಿಂದ ಹೊರಟು, ನೀರಿನ ಟಾಕಿಯ ಏರು ಹತ್ತಿ, ಚರ್ಚಿನ ಹಿಂದಿನಿಂದ ಸುತ್ತಿ ಮತ್ತೆ ಕ್ಲಬ್ಬಿನ ಹುಲ್ಲಿಗೆ ಬರಬೇಕು. ಅಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಮೇಜಿನ ಮೇಲೆ ಸಾಲಾಗಿ ಹಿಡಿಕೆಯ ಗಾಜಿನ ಮಗ್ಗುಗಳು, ಮಗ್ಗುಗಳ ತುಂಬ ಬಿಯರ್. ಬೆಳಗಾಮುಂಜಾನೆ ಬಿಯರ್ ಯಾಕೆ ಎಂದು ಕೇಳಬೇಡಿ. ಯಾವುದೋ ಕಾಲದ ಸಾಹೇಬರು ಹಾಕಿಕೊಟ್ಟ ಪದ್ಧತಿ. ಸಾಹೇಬರು ಹೋಗಿ ಐವತ್ತು ವರ್ಷವಾದರೂ ಆ ಪದ್ಧತಿಯನ್ನು ಕ್ಲಬ್ಬಿನವರು ನಮ್ಮ ಮನೆಯ ಗೌರಿಹಬ್ಬದ ಬಾಗಿನಕ್ಕಿಂತ ಹೆಚ್ಚು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದರು.

ಮದುವೆಯಾಗಿ ಹದಿಮೂರು ವರ್ಷ, ಹದಿಮೂರು ಓಟ. ಅಷ್ಟರಲ್ಲೂ ನನ್ನ ಪಾತ್ರ ಒಂದೇ: ಮುಕ್ತಾಯದ ಗೆರೆಯ ಪಕ್ಕ ನಮ್ಮವರ ಬೂದು ಬಣ್ಣದ ಸ್ವೆಟರ್ ಹಿಡಿದು ನಿಲ್ಲುವುದು. ಓಡಿ ಬಂದವರಿಗೆ ಬೆವರು ಆರುವ ಮೊದಲು ಸ್ವೆಟರ್ ಬೇಕಂತೆ. ಆ ಸ್ವೆಟರನ್ನು ಹೆಣೆದವಳೂ ನಾನೇ, ಒಗೆದವಳೂ ನಾನೇ. ಎಡ ಮೊಣಕೈ ಸವೆದಾಗ ಅದೇ ಬಣ್ಣದ ಉಲ್ಲನ್‌ಗಾಗಿ ಸದಾಶಿವ ಪೇಠೆಯ ಗಲ್ಲಿಗಲ್ಲಿ ಅಲೆದವಳೂ ನಾನೇ. ಮೊದಮೊದಲು ಅದನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಿದ್ದೆ. ಐದಾರು ವರ್ಷದ ನಂತರ ತೋಳಿನ ಮೇಲೆ ಹಾಕಿಕೊಳ್ಳತೊಡಗಿದೆ. ಹತ್ತನೆಯ ವರ್ಷದಿಂದೀಚೆಗೆ ಎರಡು ಬೆರಳಲ್ಲಿ ಹಿಡಿದು ನಿಲ್ಲುತ್ತಿದ್ದೆ. ಈ ಬದಲಾವಣೆ ನಮ್ಮವರ ಗಮನಕ್ಕೆ ಬಂದಿರಲಿಲ್ಲ.

ಬಗೆಹರಿಯದ ಸಂಗತಿಯೂ ಒಂದಿತ್ತು. ನಮ್ಮವರು ಪ್ರತಿ ವರ್ಷ ಗೆರೆಗೆ ಮೂರನೆಯವರಾಗಿಯೋ ನಾಲ್ಕನೆಯವರಾಗಿಯೋ ಬರುತ್ತಿದ್ದರು. ಆದರೆ ಮರುದಿನ ಹಲಗೆಗೆ ಅಂಟಿಸಿದ ಪಟ್ಟಿಯಲ್ಲಿ ಅವರ ಹೆಸರು ಹದಿನೆಂಟರ ಕೆಳಗೆ ಎಲ್ಲೋ ಇರುತ್ತಿತ್ತು. ‘ಮೇಜರ್ ಸಾಹೇಬರ ಗಡಿಯಾರ ಕೆಟ್ಟದ’ ಎಂದು ಅವರ ದೂರು. ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಮೇಜರ್, ಪೊದೆಮೀಸೆಯ ಪಂಜಾಬಿ ಮುದುಕ. ಅವರ ಗಡಿಯಾರ ಕೆಡುವುದೆಂದರೆ ಖಡಕಿಯಲ್ಲಿ ಸೂರ್ಯ ತಡವಾಗಿ ಹುಟ್ಟಿದ ಹಾಗೆ.

ಆ ವರ್ಷ ನವೆಂಬರಿನ ಒಂದು ಸಂಜೆ ಪಕ್ಕದ ಮನೆಯ ಮರಾಠಿ ಗೆಳತಿ ಶುಭಾ ವಹಿನಿ ಚಹಕ್ಕೆ ಬಂದಿದ್ದರು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರು ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ನಮ್ಮವರು ದಿನಾ ಐದಕ್ಕೆದ್ದು ಓಡುವುದರಿಂದ ಆಗುವ ಲಾಭಗಳನ್ನು ವಿವರಿಸುತ್ತಿದ್ದರು. ವಿವರಿಸುತ್ತ ಬಟ್ಟಲನ್ನು ನನ್ನ ಕಡೆ ಚಾಚಿ, ‘ಓಟದ ದಿನ ನನ್ನ ಸ್ವೆಟರ್ ಮರೀಬ್ಯಾಡ ಮತ್ತ. ಹೋದ ವರ್ಷ ಭಾಳ ಹೊತ್ತು ಹುಡುಕಿದೆ ನಿನ್ನ’ ಎಂದರು.

‘ಈ ವರ್ಷ ನಾನೂ ಓಡೂಣು ಅಂತೇನಿ’ ಎಂದೆ. ಎಲ್ಲಿಂದ ಬಂತೋ ಆ ಮಾತು, ನನಗೇ ಗೊತ್ತಿಲ್ಲ. ಬಟ್ಟಲಿಗೆ ಚಹ ಬಗ್ಗಿಸುತ್ತಲೇ ಇದ್ದೆ.

‘ಕಾಯ್ ಸಾಂಗತಾ! ಏನು ಹೇಳತೀರಿ!’ ಎಂದು ಶುಭಾ ವಹಿನಿ ಕಣ್ಣರಳಿಸಿದರು.

ನಮ್ಮವರು ನಗುತ್ತ ನಗುತ್ತ ಬಿಸ್ಕೀಟನ್ನು ಚಹದಲ್ಲಿ ಮುಳುಗಿಸಿಬಿಟ್ಟರು. ‘ನೀನು? ಹಾಲಿನಾಂವ ಬಂದರ ಗೇಟಿನ ತನಕ ಹೋಗೂದ್ರಾಗ ಎರಡು ಸಲ ನಿಲ್ಲತಿ! ನೀ ಪಟ್ಟಿಯೊಳಗ ನನ್ನಕಿಂತ ಮ್ಯಾಲ ಬಾ, ನಾ ಒಂದು ವರ್ಷ ದಿನಾ ಮುಂಜಾನೆ ಛಾ ಮಾಡಿ ನಿನ್ನ ಕೈಯಾಗ ಕೊಡತೇನಿ.’

‘ವಹಿನಿ ಕೇಳ್ಯಾರ’ ಎಂದೆ.

‘ಕೇಳಲಿ! ಸೋತರ ಏನು ಮಾಡತಿ?’

‘ಸಾಯೋತನಕ ಸ್ವೆಟರ್ ಹಿಡಕೊಂಡು ನಿಲ್ಲತೇನಿ. ಹುಡುಕೋ ಪ್ರಸಂಗನ ಬರೂದಿಲ್ಲ.’

ಅತ್ತೆಯವರು ಬತ್ತಿಯಿಂದ ತಲೆಯೆತ್ತಿ ಒಮ್ಮೆ ಮಗನನ್ನೂ ಒಮ್ಮೆ ನನ್ನನ್ನೂ ನೋಡಿ, ಮತ್ತೆ ಹತ್ತಿಗೆ ಕೈಹಾಕಿದರು.

ಹೀಗೆ ಸಿಕ್ಕಿಬಿದ್ದೆ. ಓಟದ ವಿಷಯದಲ್ಲಿ ನನ್ನ ಪೂರ್ವಾಪರ ಹೇಳಿಕೊಳ್ಳುವಂಥದ್ದಲ್ಲ. ಕಾನ್ವೆಂಟಿನ ಕ್ರೀಡಾದಿನದಲ್ಲಿ ನನ್ನನ್ನು ಯಾವಾಗಲೂ ನಿಂಬೆಹಣ್ಣು-ಚಮಚದ ಓಟಕ್ಕೇ ಸೇರಿಸುತ್ತಿದ್ದರು, ಏಕೆಂದರೆ ನಿಧಾನವಾಗಿ ಹೋದವರು ಗೆಲ್ಲುವ ಓಟ ಅದೊಂದೇ. ಅದರಲ್ಲಿ ಎರಡು ಸಲ ಬಹುಮಾನವೂ ಬಂದಿತ್ತು: ಒಂದು ಸೋಪಿನ ಡಬ್ಬಿ, ಇನ್ನೊಂದು ಸಂತರ ಚಿತ್ರ. ಆ ಚಿತ್ರವನ್ನು ನಮ್ಮಮ್ಮ ದೇವರಗೂಡಿನಲ್ಲಿ ವೆಂಕಟರಮಣನ ಪಕ್ಕ ಇಟ್ಟು, ‘ಯಾರಿದ್ದರೇನು, ಹೂವು ಏರಸೂಣು’ ಎಂದಿದ್ದಳು.

ಮರುದಿನ ತರಕಾರಿ ತರುವ ನೆಪದಲ್ಲಿ ಕ್ಲಬ್ಬಿಗೆ ಹೋಗಿ ಹಲಗೆಯ ಮೇಲಿನ ಸೂಚನಾಪತ್ರವನ್ನು ಓದಿದೆ. ಎರಡು ಸಲ. ಒಂದೂವರೆ ಪುಟ, ಹನ್ನೊಂದು ನಿಯಮ, ಕಾರ್ಬನ್ ಪ್ರತಿ. ಮೂರನೆಯ ನಿಯಮ: ಹೆಂಗಸರು ಗಂಡಸರಿಗಿಂತ ಹತ್ತು ನಿಮಿಷ ಮೊದಲು ಹೊರಡತಕ್ಕದ್ದು. ಐದನೆಯದು: ಬಿಯರ್ ಒಲ್ಲದವರಿಗೆ ಶರಬತ್ತು ಉಂಟು, ಆದರೆ ಅವರ ಹೆಸರು ‘ಭಾಗವಹಿಸಿದವರು’ ಎಂಬ ಬೇರೆ ಹಾಳೆಯಲ್ಲಿ ಬರುವುದು. ಏಳನೆಯ ನಿಯಮಕ್ಕೆ ಬಂದಾಗ ನನ್ನ ತರಕಾರಿ ಚೀಲ ಕೈಯಿಂದ ಜಾರಿತು. ಓಟಗಾರನು ಗೆರೆ ದಾಟಿದಾಗ ಅಲ್ಲ, ತನ್ನ ಮಗ್ಗನ್ನು ಬರಿದು ಮಾಡಿ ಮೇಜಿನ ಮೇಲೆ ಬೋರಲು ಹಾಕಿದಾಗ ಆತನ ಓಟ ಮುಗಿದಂತೆ ಎಣಿಸತಕ್ಕದ್ದು.

ಹದಿಮೂರು ವರ್ಷದ ಗಡಿಯಾರದ ರಹಸ್ಯ ಅಲ್ಲೇ ಬಯಲಾಯಿತು. ನಮ್ಮವರು ಗೆರೆ ದಾಟಿದ ಕೂಡಲೆ ಗೆದ್ದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಮಗ್ಗು ಹಿಡಿದು, ಬಂದವರಿಗೆಲ್ಲ ಉಸಿರಾಟದ ಕ್ರಮದ ಬಗ್ಗೆ ಉಪನ್ಯಾಸ ಕೊಡುತ್ತ ಅರ್ಧ ಗಂಟೆ ನಿಲ್ಲುತ್ತಿದ್ದರು. ಅಷ್ಟು ಹೊತ್ತೂ ಮೇಜರ್ ಸಾಹೇಬರ ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇರುತ್ತಿತ್ತು. ಎಂಜಿನಿಯರಿಂಗ್ ಓದಿದ ಮನುಷ್ಯ, ಹಲಗೆ ಮಾತ್ರ ಓದುವುದಿಲ್ಲ.

ಆದರೆ ಬಿಯರ್? ನಮ್ಮ ಮನೆಯಲ್ಲಿ ಏಕಾದಶಿಗೆ ಉಳ್ಳಾಗಡ್ಡಿಯ ಬುಟ್ಟಿಯನ್ನೂ ಹೊರಗಿನ ಗ್ಯಾಲರಿಗೆ ಹಾಕುತ್ತಿದ್ದೆವು. ಕ್ಲಬ್ಬಿನ ಕ್ಯಾಂಟೀನು ನಡೆಸುತ್ತಿದ್ದವನು ಕುಂದಾಪುರದ ಕಡೆಯ ಶೀನಣ್ಣ. ದೋಸೆಯಿಂದ ಹಿಡಿದು ಬಿಯರ್ ಬಗ್ಗಿಸುವತನಕ ಎಲ್ಲ ಅವನದೇ ಉಸ್ತುವಾರಿ. ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಕೇಳಿದೆ, ‘ಶೀನಣ್ಣ, ಬಿಯರ್ ಹೆಂಗಿರತದ?’

ಶೀನಣ್ಣ ತೊಳೆಯುತ್ತಿದ್ದ ಲೋಟ ಕೈಯಲ್ಲೇ ಹಿಡಿದು ನಿಂತ. ‘ಎಂತದಕ್ಕೆ ಅಕ್ಕ? ಮನೆಯಲ್ಲಿ ಜಗಳ ಆಯ್ತಾ?’

‘ಜಗಳ ಇಲ್ಲಪ್ಪ. ಓಟ.’

ವಿಷಯ ಕೇಳಿ ಅವನ ಮುಖ ಹಬ್ಬದ ದಿನದ ಹಾಗೆ ಅರಳಿತು. ಹತ್ತಿರ ಬಂದು ಗುಟ್ಟಿನ ದನಿಯಲ್ಲಿ, ‘ಕಹಿ ಅಕ್ಕ, ಕಹಿ. ನಮ್ಮ ಅಜ್ಜಿಯ ಕಷಾಯ ಇರ್ತದಲ್ಲ, ಅದಕ್ಕೆ ಸೋಡ ಹಾಕಿದ ಹಾಗೆ. ಎಲ್ಲರೂ ಬಂದವರೇ ತಣ್ಣಗಿದ್ದದ್ದು, ನೊರೆ ಇದ್ದದ್ದು ಹುಡುಕಿ ತಗೊಳ್ತಾರೆ ಮಾರಾಯ್ರೆ. ಗಂಟಲು ಹಿಡೀತದೆ, ಗ್ಯಾಸು ತುಂಬ್ತದೆ, ಹತ್ತು ಸಲ ನಿಲ್ಸಿ ಕುಡೀತಾರೆ. ನೀವು ಮೇಜಿನ ಎಡತುದಿಯದ್ದು ತಗೊಳ್ಳಿ. ಅದು ನಾನು ಎಲ್ಲಕ್ಕಿಂತ ಮೊದಲು ಬಗ್ಗಿಸುವುದು. ನೊರೆ ಸತ್ತು, ಬೆಚ್ಚಗಾಗಿ, ಗಟಾರದ ನೀರಿನ ಹಾಗೆ ಇರ್ತದೆ. ಸೀದಾ ಇಳಿದುಹೋಗ್ತದೆ’ ಎಂದ.

ಕಷಾಯ ಎಂಬ ಶಬ್ದ ಕೇಳಿದ ಕೂಡಲೆ ನನಗೆ ಧೈರ್ಯ ಬಂತು. ಆ ವಿದ್ಯೆಯಲ್ಲಿ ನನ್ನ ಗುರು ನಮ್ಮ ಅತ್ತೆಯವರು. ಮದುವೆಯಾಗಿ ಬಂದ ಮೊದಲ ವಾರವೇ ಅವರು ನೆಲಬೇವು, ಅಮೃತಬಳ್ಳಿ, ಇನ್ನೂ ಹೆಸರು ಹೇಳದ ಏನೇನೋ ಬೇರು ಕುದಿಸಿ ಚೊಂಬು ತುಂಬ ನನ್ನ ಮುಂದಿಟ್ಟು, ‘ಗುಟುಕು ಗುಟುಕು ಕುಡದಾಕಿಗೆ ಹತ್ತು ಸಲ ಕಹಿ. ಒಂದ ಉಸರಿಗೆ ಕುಡದಾಕಿಗೆ ಒಂದ ಸಲ’ ಎಂದಿದ್ದರು. ಅಂದಿನಿಂದ ಅವರು ಪುಣೆಗೆ ಬಂದಾಗಲೆಲ್ಲ ಪ್ರತಿ ಶನಿವಾರ ಒಂದು ಚೊಂಬು. ನಮ್ಮವರು ಆ ಹೊತ್ತಿಗೆ ಸರಿಯಾಗಿ ಸ್ಕೂಟರ್ ತೊಳೆಯಲು ಹೊರಗೆ ಹೋಗುತ್ತಿದ್ದರು.

ಅಭ್ಯಾಸ ಶುರುವಾಯಿತು. ಹಗಲು ಹೊತ್ತು ಕ್ಯಾನ್ವಾಸ್ ಶೂ ಹಾಕಿಕೊಂಡು ಚರ್ಚಿನ ಹಿಂದಿನ ದಾರಿಯಲ್ಲಿ ಓಡುತ್ತಿದ್ದೆ. ಓಡುತ್ತಿದ್ದೆ ಎನ್ನುವುದು ನನ್ನ ಮಾತು, ನೋಡಿದವರು ‘ಬಸ್ ತಪ್ಪಿತೇ?’ ಎಂದು ಕೇಳುತ್ತಿದ್ದರು. ಮನೆಗೆ ಬಂದು ಅಡಿಗೆಮನೆಯ ಗಡಿಯಾರದ ಎದುರು ನಿಂತು ಒಂದು ಚೊಂಬು ನೀರುಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದು ಚೊಂಬನ್ನು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ಮೊದಲ ದಿನ ಇಪ್ಪತ್ತಾರು ಸೆಕೆಂಡು. ವಾರದಲ್ಲಿ ಹದಿನಾಲ್ಕಕ್ಕೆ ಇಳಿಯಿತು. ಒಂದು ದಿನ ಚೊಂಬು ಠಣ್ಣೆಂದು ಬೋರಲು ಬಿದ್ದಾಗ ಹಿಂದೆ ತಿರುಗಿದರೆ ಅತ್ತೆಯವರು ಹೊಸ್ತಿಲ ಮೇಲೆ ನಿಂತಿದ್ದಾರೆ.

‘ಯಾಕವಾ, ಅಷ್ಟ್ಯಾಕ ಅವಸರಾ? ಯಾರರೆ ಕಸಗೊಳ್ಳಾಕತ್ತಾರೇನು?’

‘ಇಲ್ಲ ಅತ್ಯಾ. ಓಟಕ್ಕ ತಯಾರಿ.’

‘ಓಟ ಕಾಲಿಂದೋ ಗಂಟಲಿಂದೋ?’

‘ಎರಡೂ ಬೇಕಂತರಿ.’

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೊನೆಯಲ್ಲಿ ಏನು ಕುಡಿಯುತ್ತೇವೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬಾರದ ಪ್ರಶ್ನೆಯನ್ನು ಬಿಟ್ಟರೆ ಅದು ಸುಳ್ಳಲ್ಲ, ಆಯ್ಕೆ ಎಂದು ಕಾನ್ವೆಂಟಿನ ನನ್ನ ಮನಸ್ಸಿಗೆ ಸಮಾಧಾನ ಹೇಳಿದೆ. ಮೇಲಾಗಿ ಭಾನುವಾರ ಬೆಳಿಗ್ಗೆ ಅತ್ತೆಯವರಿಗೆ ಭಜನೆ ಇರುತ್ತಿತ್ತು. ಅವರು ಕ್ಲಬ್ಬಿನ ಕಡೆ ಬರುವ ಸಂಭವವೇ ಇರಲಿಲ್ಲ.

ಓಟದ ದಿನ ಚಳಿಗೆ ಹುಣಸೆಮರಗಳೂ ಮುದುಡಿಕೊಂಡಿದ್ದವು. ಹೆಂಗಸರು ಒಟ್ಟು ಏಳು ಜನ. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ನಿಂತೆ. ಮೇಜರ್ ಸಾಹೇಬರು ಪೀಪಿ ಊದಿದರು. ಮೊದಲ ಕಿಲೋಮೀಟರು ಹೇಗೋ ಸಾಗಿತು. ನೀರಿನ ಟಾಕಿಯ ಏರಿನಲ್ಲಿ ಉಸಿರು ಒಂದು ಕಡೆ, ನಾನು ಒಂದು ಕಡೆ. ಉಳಿದ ಆರು ಜನ ಹೆಂಗಸರ ಬೆನ್ನೂ ಕಾಣದಂತಾಯಿತು. ಚರ್ಚಿನ ಹಿಂದೆ ಬರುವಷ್ಟರಲ್ಲಿ ಗಂಡಸರ ಬೂಟುಗಳ ಸಪ್ಪಳ ಕೇಳಿತು. ನಮ್ಮವರು ಪಕ್ಕಕ್ಕೆ ಬಂದು, ಬೇಕೆಂದೇ ನಿಧಾನ ಮಾಡಿ, ‘ಏನ್ರಿ ಬಾಯಾರ, ಆಟೋ ತರಸಲೇನು?’ ಎಂದರು. ಬೈಯಲೂ ಉಸಿರಿರಲಿಲ್ಲ, ಓಢಣಿಯನ್ನು ಮಾತ್ರ ಇನ್ನಷ್ಟು ಬಿಗಿದುಕೊಂಡೆ. ಅವರು ಕೈಬೀಸಿ ಮುಂದೆ ಹೋದರು. ಸಿಟ್ಟು ಎಷ್ಟು ಒಳ್ಳೆಯ ಇಂಧನವೆಂಬುದು ನನಗೆ ಆ ದಿನ ಗೊತ್ತಾಯಿತು. ಕೊನೆಯ ಅರ್ಧ ಕಿಲೋಮೀಟರನ್ನು ನಾನು ನಿಜವಾಗಿಯೂ ಓಡಿದೆ.

ಗೆರೆ ದಾಟಿ ತಲೆಯೆತ್ತಿದರೆ ಎದುರಿಗೆ ಅತ್ತೆಯವರು! ಇಳಕಲ್ ಸೀರೆ, ತಲೆಗೆ ಮಫ್ಲರು, ಎರಡು ತೋಳುಗಳ ಮೇಲೆ ಎರಡು ಸ್ವೆಟರು. ಒಂದು ಮಗನದು, ಒಂದು ನನ್ನದು. ಪಕ್ಕದಲ್ಲಿ ಶುಭಾ ವಹಿನಿ. ಭಜನೆ ಹೇಳಿಸುವ ಹೆಂಗಸಿಗೆ ನೆಗಡಿಯಂತೆ, ಅಂದಿನ ಭಜನೆ ರದ್ದು. ‘ಈ ಸಲ ಸ್ವೆಟರ್ ಹಿಡಿಯೋರು ಯಾರೂ ಇಲ್ಲಲಾ ಅಂತ ನಾನ ಬಂದೆ’ ಎಂದರು ಅತ್ತೆ.

ನಾನು ನಮ್ಮವರಿಗಾಗಿ ಕಣ್ಣಾಡಿಸಿದೆ. ಆ ಹೊತ್ತಿಗೆ ಅವರು ಮಗ್ಗು ಹಿಡಿದು ಉಪನ್ಯಾಸ ಕೊಡುತ್ತಿರಬೇಕಿತ್ತು. ಮಗ್ಗು ಹಿಡಿದಿದ್ದರು, ನಿಜ. ಆದರೆ ಬೆನ್ನಿನ ಹಿಂದೆ. ನಲವತ್ತೆರಡು ವರ್ಷದ, ನೂರಾರು ಜನರ ಮೇಲೆ ದರ್ಬಾರು ಮಾಡುವ ಮನುಷ್ಯ, ತುಂಬಿದ ಮಗ್ಗನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ಅವ್ವನ ಕಡೆ ನೋಡಿ ಹಲ್ಲು ಬಿಡುತ್ತಿದ್ದರು. ತಾನು ಬಿಯರ್ ಮುಟ್ಟುತ್ತೇನೆಂದು ಅವ್ವನಿಗೆ ಗೊತ್ತಿಲ್ಲವೆಂದೇ ಅವರ ನಂಬಿಕೆ. ಕುಡಿಯುವ ಹಾಗಿಲ್ಲ, ಇಡುವ ಹಾಗಿಲ್ಲ. ಹಿಂದೆ ಶೀನಣ್ಣ ನಗು ತಡೆಯಲಾಗದೆ ಮೇಜಿನ ಬಟ್ಟೆ ಸರಿಪಡಿಸುವ ನೆಪದಲ್ಲಿ ಬಗ್ಗಿದ್ದ.

ನಾನು ಮೇಜಿನ ಹತ್ತಿರ ಹೋದೆ. ಶರಬತ್ತಿನ ಲೋಟ ಬಲಕ್ಕೇ ಇತ್ತು. ಅದನ್ನೆತ್ತಿದರೆ ಅತ್ತೆಯವರ ಎದುರು ಮರ್ಯಾದೆ ಉಳಿಯುತ್ತಿತ್ತು, ಬದುಕಿರುವತನಕ ಸ್ವೆಟರೂ ಉಳಿಯುತ್ತಿತ್ತು. ಮೇಜರ್ ಸಾಹೇಬರು ಗಡಿಯಾರ ನೋಡುತ್ತ ಕೆಮ್ಮಿದರು. ನಾನು ಎಡತುದಿಗೆ ಹೋಗಿ, ನೊರೆ ಸತ್ತು ಮಂಕಾಗಿದ್ದ ಮಗ್ಗನ್ನು ಎತ್ತಿದೆ.

‘ಏನದು?’ ಅತ್ತೆಯವರ ದನಿ.

ಸುಳ್ಳಾಡಬಾರದಲ್ಲ. ‘ಕಹಿ ಅದ, ಅತ್ಯಾ’ ಎಂದೆ.

ಅವರು ಒಂದು ಕ್ಷಣ ಮಗ್ಗನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ ಮಗನನ್ನು ನೋಡಿದರು. ಆಮೇಲೆ ಇಡೀ ಕ್ಲಬ್ಬಿಗೆ ಕೇಳುವಂತೆ, ‘ಮತ್ತ ನೋಡಕೋತ ಯಾಕ ನಿಂತಿ? ಮೂಗು ಹಿಡ್ಕೊ! ಒಂದ ಉಸರಿಗೆ! ನಡುವ ನಿಲ್ಲಸಬ್ಯಾಡ!’ ಎಂದರು.

ಮೂಗು ಹಿಡಿದೆ. ಕಣ್ಣು ಮುಚ್ಚಿದೆ. ನೆಲಬೇವಿನ ಮುಂದೆ ಅದು ಏನೇನೂ ಅಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಮಗ್ಗು ಮೇಜಿನ ಮೇಲೆ ಬೋರಲು ಬಿದ್ದ ಸದ್ದಿಗೆ ಕಣ್ಣು ತೆರೆದರೆ ಮೇಜರ್ ಸಾಹೇಬರು ಮೀಸೆಯೊಳಗೇ ನಗುತ್ತ ವಹಿಯಲ್ಲಿ ನನ್ನ ಹೆಸರು ಬರೆಯುತ್ತಿದ್ದರು. ಒಂಬತ್ತನೆಯವಳು. ನನಗಿಂತ ಮೊದಲು ಬಂದ ಎಷ್ಟೋ ಜನ ಇನ್ನೂ ನಿಲ್ಲಿಸಿ ನಿಲ್ಲಿಸಿ ಕುಡಿಯುತ್ತಿದ್ದರು. ಅಷ್ಟರಲ್ಲಿ ಹೊಟ್ಟೆಯ ಆಳದಿಂದ ಒಂದು ತೇಗು ಬಂತು. ಮೆಲ್ಲಗೆ ಮಾತಾಡು ಎಂದು ಕಲಿಸಿದ ಕನ್ಯಾಸ್ತ್ರೀಯರು ಅದನ್ನು ಕೇಳಿದ್ದರೆ ಜಪಮಾಲೆ ಕೆಳಗಿಡುತ್ತಿದ್ದರು. ಹುಲ್ಲಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

‘ಏ, ಇದು ಹೆಂಗ ಆತು? ನಾ ನಿನ್ನಕಿಂತ ಮುಂಚೆ ಬಂದೇನಲಾ!’ ಎಂದರು ನಮ್ಮವರು.

‘ಏಳನೇ ನಿಯಮ ಓದರಿ’ ಎಂದೆ.

ಮನೆಗೆ ನಡೆದು ಬರುವಾಗ ನಾನೂ ಅತ್ತೆಯವರೂ ಮುಂದೆ, ನಮ್ಮವರು ಇಪ್ಪತ್ತು ಹೆಜ್ಜೆ ಹಿಂದೆ. ದಾರಿ ಸ್ವಲ್ಪ ಮೆತ್ತಗಾಗಿದೆ ಎನ್ನಿಸುತ್ತಿತ್ತು. ಅತ್ತೆಯವರು ಸೊಂಟದ ಚೀಲದಿಂದ ಎರಡು ಲವಂಗ ತೆಗೆದು ನನ್ನ ಅಂಗೈಯಲ್ಲಿಟ್ಟರು. ‘ಬಾಯಾಗ ಇಟ್ಕೊ. ನಿಮ್ಮ ಮಾವನವರಿಗೂ ಹಿಂಗ ಕೊಡತಿದ್ದೆ, ತಮ್ಮ ದವಾಖಾನಿ ಗೆಳೆಯರ ಕಡಿಂದ ವಾಸನಿ ಹೊತಗೊಂಡು ಬಂದಾಗ.’ ನಾನು ಲವಂಗ ಕಡಿಯುವುದನ್ನೂ ಮರೆತು ಅವರ ಮುಖ ನೋಡಿದೆ. ಅವರು ದಾರಿಯನ್ನೇ ನೋಡುತ್ತ, ‘ಹಿಂದ ಬರೋ ರಾಘೂಗ ಹೇಳು, ಬೆನ್ನ ಹಿಂದ ಹಿಡದದ್ದು ಚಡ್ಡಿ ಪೂರಾ ತೊಯಿಸೇದ. ಮನಿಗೆ ಹೋಗಿ ತಾನ ಒಗಕೊಳ್ಳಲಿ’ ಎಂದರು. ಸ್ವಲ್ಪ ದೂರ ಹೋದ ಮೇಲೆ, ‘ಎಷ್ಟು ಸೆಕೆಂಡಾತು?’ ಎಂದು ಕೇಳಿದರು.

‘ಹನ್ನೊಂದು ಅಂದ್ರು ಮೇಜರ್ ಸಾಹೇಬ್ರು.’

‘ಹಂ. ನಂದು ಒಂಬತ್ತು’ ಎಂದರು. ಕಷಾಯದ ಮಾತೆಂದೇ ನಾನು ಅಂದುಕೊಂಡಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಗೌರವವಿರುತ್ತಿತ್ತು. ಆದರೆ ಸುಳ್ಳಾಡಬಾರದು. ಪಣದ ಮಾತಿಗೆ ನಮ್ಮವರು ತಪ್ಪಲಿಲ್ಲ. ಮರುದಿನವೇ ಚಹ ಮಾಡಿ ತಂದು ನನ್ನ ಕೈಯಲ್ಲಿಟ್ಟರು. ಬೆಳಿಗ್ಗೆ ಐದಕ್ಕೆ. ಅವರು ಏಳುವುದೇ ಆಗ, ಓಡಲು ಹೋಗುವ ಮುಂಚೆ ಕೆಲಸ ಮುಗಿಸಬೇಕಲ್ಲ! ಅಲ್ಲಿಯತನಕ ಆರೂವರೆಯವರೆಗೆ ಸುಖವಾಗಿ ಮಲಗುತ್ತಿದ್ದವಳು ನಾನು. ಪಣ ಹಾಕುವಾಗ ಗಂಟೆ ಎಷ್ಟೆಂದು ಕೇಳಿರಲಿಲ್ಲ. ಊರಿನ ನಿಯಮವನ್ನೆಲ್ಲ ಎರಡು ಸಲ ಓದುವವಳು, ನನ್ನ ಪಣವನ್ನು ಒಂದು ಸಲವೂ ಓದಿರಲಿಲ್ಲ. ಇನ್ನು ಆ ಚಹ! ಪುಡಿಯನ್ನು ಅಷ್ಟು ಹೊತ್ತು ಕುದಿಸಿದರೆ ನೆಲಬೇವಿಗೇ ನಾಚಿಕೆಯಾಗಬೇಕು.

ವರ್ಷ ಪೂರ್ತಿ, ದಿನಾ ಬೆಳಿಗ್ಗೆ ಐದಕ್ಕೆ, ಹಾಸಿಗೆಯ ಮೇಲೆ ಎದ್ದು ಕೂತು, ಮೂಗು ಹಿಡಿದು, ಒಂದೇ ಉಸಿರಿಗೆ ಕುಡಿದು, ಬಟ್ಟಲನ್ನು ಬಸಿಯಲ್ಲಿ ಬೋರಲು ಹಾಕುತ್ತಿದ್ದೆ. ನಮ್ಮವರು ಸಂತೋಷದಿಂದ, ‘ಛಾ ಅಷ್ಟು ಸೇರತದ ನೋಡು ನಿನಗ!’ ಎನ್ನುತ್ತಿದ್ದರು. ಆಮೇಲೆ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, ‘ಹೆಂಗೂ ಎಚ್ಚರಾಗೇದಲಾ’ ಎಂದು ಬೂದು ಬಣ್ಣದ ಸ್ವೆಟರನ್ನು ನನ್ನ ಕೈಗೆ ಕೊಟ್ಟು, ‘ಅರ್ಧ ತಾಸಿನಾಗ ಬರತೇನಿ, ಗೇಟಿನ ಹತ್ತರ ನಿಂತಿರು’ ಎನ್ನುತ್ತಿದ್ದರು.

ವರ್ಷಕ್ಕೊಂದು ದಿನ ಹಿಡಿಯುತ್ತಿದ್ದೆ. ಗೆದ್ದ ಮೇಲೆ ದಿನಾ ಹಿಡಿದೆ.